ಹೊಸ ಮೀನನ್ನು ಅಕ್ವೇರಿಯಂಗೆ ಸೇರಿಸುವ ಮುನ್ನ

ದಾವಣಗೆರೆಯ ನಲ್ಲಿ ನೀರಿಗೂ ಕೊಳವೆಬಾವಿ ನೀರಿಗೂ ಗಡಸುತನದಲ್ಲಿ ವ್ಯತ್ಯಾಸವಿರುವುದರಿಂದ, ಅಂಗಡಿಯಲ್ಲಿ ಚುರುಕಾಗಿದ್ದ ಮೀನು ಮನೆಯ ತೊಟ್ಟಿಯಲ್ಲೂ ಹಾಗೆಯೇ ಇರುತ್ತದೆಂದು ಭಾವಿಸಬಾರದು. ಗಪ್ಪಿ, ಮೋಲಿಗಳು ಗಡಸು ನೀರಿಗೆ ಹೊಂದಿಕೊಳ್ಳುತ್ತವೆ. ನಿಯಾನ್ ಟೆಟ್ರಾಗೆ ಮೆದು ನೀರೇ ಹಿತ.

ಹೊಸ ಮೀನನ್ನು ಎರಡರಿಂದ ನಾಲ್ಕು ವಾರ ಪ್ರತ್ಯೇಕ ತೊಟ್ಟಿಯಲ್ಲಿಡುವುದು ಉತ್ತಮ. ಅದಕ್ಕೆ ಹಳೆಯ ತೊಟ್ಟಿಯಲ್ಲಿ ಮೊದಲೇ ಓಡಿಸಿ ಉಪಯುಕ್ತ ಬ್ಯಾಕ್ಟೀರಿಯಾ ಬೆಳೆಸಿದ ಸ್ಪಂಜ್ ಫಿಲ್ಟರ್ ಹಾಗೂ ಬೇರೆಯದೇ ಬಲೆ ಇರಲಿ. ರೆಕ್ಕೆಯ ಮೇಲೆ ಉಪ್ಪಿನ ಹರಳಿನಂತಹ ಬಿಳಿ ಚುಕ್ಕೆಗಳು ಕಂಡರೆ, ಅಥವಾ ಮೀನು ಕಲ್ಲಿಗೆ ಮೈ ಉಜ್ಜುತ್ತಿದ್ದರೆ, ಚಿಕಿತ್ಸೆ ಮುಗಿಯುವವರೆಗೆ ಅದನ್ನು ಅಲ್ಲಿಂದ ಕದಲಿಸಬೇಡಿ.

ತಂದ ದಿನ ದೀಪ ಆರಿಸಿ, ಕಟ್ಟಿದ ಚೀಲವನ್ನು 15–20 ನಿಮಿಷ ಈ ತೊಟ್ಟಿಯಲ್ಲಿ ತೇಲಿಬಿಡಿ. ಬಳಿಕ ಚೀಲ ಬಿಚ್ಚಿ, ಅರ್ಧ ಗಂಟೆಯವರೆಗೆ ತೊಟ್ಟಿಯ ನೀರನ್ನು ಸ್ವಲ್ಪಸ್ವಲ್ಪವೇ ಬೆರೆಸಿ. ಆದರೆ ದೂರದಿಂದ ಪಾರ್ಸೆಲ್‌ನಲ್ಲಿ ಬಂದ ಮೀನಿಗೆ ಈ ನಿಧಾನ ಸಲ್ಲದು. ಚೀಲ ಬಿಚ್ಚಿದೊಡನೆ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಏರುವುದರಿಂದ, ಅದರೊಳಗೆ ಸೇರಿಕೊಂಡಿರುವ ಅಮೋನಿಯಾ ಇನ್ನಷ್ಟು ವಿಷಕಾರಿಯಾಗುತ್ತದೆ. ಉಷ್ಣತೆ ಸಮವಾದ ಮೇಲೆ ಬೇಗ ಬಿಟ್ಟುಬಿಡಿ. ಯಾವುದೇ ಸಂದರ್ಭದಲ್ಲೂ ಚೀಲದ ನೀರನ್ನು ತೊಟ್ಟಿಗೆ ಸುರಿಯದೆ, ಮೀನನ್ನು ಮಾತ್ರ ಬಲೆಯಲ್ಲಿ ಎತ್ತಿ ಬಿಡಬೇಕು.

ಮುಖ್ಯ ತೊಟ್ಟಿಗೆ ಒಮ್ಮೆಗೆ ಎರಡು-ಮೂರು ಮೀನು ಸಾಕು. ಅವನ್ನು ಬಿಡುವ ಮೊದಲು ಕಲ್ಲು, ಗಿಡಗಳ ಜಾಗ ಬದಲಿಸಿದರೆ ಹಳೆಯ ಮೀನುಗಳ ಜಗಳ ಕಡಿಮೆಯಾಗುತ್ತದೆ.