ಮಗು ಹುಟ್ಟಿದ ಊರಿನಲ್ಲೇ ಜನನ ನೋಂದಣಿ: ಮಾಡಿಸುವ ಬಗೆ

ಉತ್ತರ ಕನ್ನಡದ ಎಷ್ಟೋ ಮಕ್ಕಳು ಹುಟ್ಟುವುದು ಜಿಲ್ಲೆಯ ಹೊರಗೆ. ಹೆರಿಗೆ ಕಷ್ಟವಾಗಬಹುದು ಎಂದು ವೈದ್ಯರು ಹೇಳಿದರೆ ಕಾರವಾರದವರು ಗೋವಾದ ಬಾಂಬೋಳಿಗೆ ಓಡುತ್ತಾರೆ, ಹೊನ್ನಾವರ, ಭಟ್ಕಳದವರು ಮಣಿಪಾಲಕ್ಕೆ, ಘಟ್ಟದ ಮೇಲಿನವರು ಹುಬ್ಬಳ್ಳಿಗೆ. ಮುಂದೆ ಶಾಲೆಗೆ ಸೇರಿಸುವ ಹೊತ್ತಿಗೆ ಅದೇ ತಂದೆತಾಯಿ ತಮ್ಮ ತಾಲ್ಲೂಕು ಕಚೇರಿಗೆ ಬಂದು ಮಗುವಿನ ದಾಖಲೆ ಹುಡುಕಿಸುತ್ತಾರೆ. ಅದು ಅಲ್ಲಿ ಇರುವುದಿಲ್ಲ. ಮಗು ಎಲ್ಲಿ ಹುಟ್ಟಿತೋ ಅಲ್ಲಿನ ನೋಂದಣಾಧಿಕಾರಿಯ ರಿಜಿಸ್ಟರಿನಲ್ಲೇ ಅದರ ಜನನ ದಾಖಲಾಗುತ್ತದೆ. ತಂದೆಯ ಮನೆ ಯಾವ ಊರಿನಲ್ಲಿದೆ, ರೇಷನ್ ಕಾರ್ಡ್ ಎಲ್ಲಿದೆ ಎಂಬುದು ಇದಕ್ಕೆ ಲೆಕ್ಕಕ್ಕಿಲ್ಲ.

ಅಂಕೋಲಾ, ಕುಮಟಾ ಕಡೆಯ ಹಳ್ಳಿಗಳಲ್ಲಿ ಗ್ರಾಮ ಲೆಕ್ಕಿಗನಾಗಿ ಈ ರಿಜಿಸ್ಟರುಗಳನ್ನು ಬರೆದವನು ನಾನು. ನಿವೃತ್ತನಾದ ಮೇಲೂ ನೆರೆಹೊರೆಯವರು ಇದೇ ವಿಷಯಕ್ಕೆ ಮನೆಗೆ ಬರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು 21 ದಿನದ ಗಡುವು. 1969ರ ಜನನ ಮರಣ ನೋಂದಣಿ ಕಾಯಿದೆಯ ಪ್ರಕಾರ ಅಷ್ಟರೊಳಗೆ ಮಾಹಿತಿ ಹೋದರೆ ನೋಂದಣಿಗೂ ಮೊದಲ ಪ್ರಮಾಣಪತ್ರಕ್ಕೂ ಹಣ ಕೊಡಬೇಕಾಗಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಮಾಹಿತಿ ಕೊಡುವ ಹೊಣೆ ಆಸ್ಪತ್ರೆಯದು, ಮನೆಯಲ್ಲಾದರೆ ಮನೆಯ ಯಜಮಾನರದು. ದೇವಿಮನೆ ಘಟ್ಟ ಇಳಿಯುವಾಗ ಆಂಬುಲೆನ್ಸಿನಲ್ಲೇ ಹೆರಿಗೆಯಾದರೆ ಏನು ಮಾಡಬೇಕು ಎಂದು ನನ್ನನ್ನು ಕೇಳುವವರಿದ್ದಾರೆ. ಅದಕ್ಕೂ ನಿಯಮವಿದೆ: ಚಲಿಸುವ ವಾಹನದಲ್ಲಿ ಮಗು ಹುಟ್ಟಿದರೆ, ಆ ವಾಹನ ಮೊದಲು ನಿಂತ ಸ್ಥಳದಲ್ಲಿ ಮಾಹಿತಿ ಕೊಡಬೇಕು.

ನಾಮಕರಣ ಆಗಿಲ್ಲವೆಂದು ಕಾಯುತ್ತ ಕೂರಬೇಡಿ. ಹೆಸರಿಲ್ಲದೆಯೇ ನೋಂದಣಿ ಮಾಡಿಸಬಹುದು. ಒಂದು ವರ್ಷದೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ, ಆಮೇಲೆ 15 ವರ್ಷದವರೆಗೆ ಶುಲ್ಕ ಕಟ್ಟಿ ಸೇರಿಸಬಹುದು. ತಾಯಿ ಕಾರ್ಡ್, ಡಿಸ್ಚಾರ್ಜ್ ಚೀಟಿ ಇವೆಯಲ್ಲ ಎಂದು ಸುಮ್ಮನಿರುವವರೂ ಇದ್ದಾರೆ. ಅವು ಪ್ರಮಾಣಪತ್ರದ ಬದಲಿಗೆ ನಡೆಯುವುದಿಲ್ಲ.

ಹೆಸರಿನ ವಿಷಯದಲ್ಲಿ ನಮ್ಮ ಜಿಲ್ಲೆಯವರಿಗೆ ಹೆಚ್ಚಿನ ಎಚ್ಚರಿಕೆ ಬೇಕು. ನಾವು 1862ರಿಂದ 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದವರು. ನಮ್ಮಲ್ಲಿ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರನ್ನೂ ಪೂರ್ತಿಯಾಗಿ ಬರೆಯುವ ರೂಢಿ. ಮಣಿಪಾಲದಲ್ಲೋ ಬೆಂಗಳೂರಿನಲ್ಲೋ ಕುಳಿತ ಗುಮಾಸ್ತ ಇನಿಷಿಯಲ್ ಹಾಕಿ ಮುಗಿಸಿಬಿಡಬಹುದು. ಅಡ್ಡಹೆಸರಿನದು ಇನ್ನೊಂದು ತೊಡಕು. ನಾಯ್ಕ ಬೇರೆ, ನಾಯಕ ಬೇರೆ. ಇಂಗ್ಲಿಷಿನಲ್ಲಿ ಬರೆಯುವಾಗ ಎರಡೂ ಒಂದಾಗಿ, ಕನ್ನಡಕ್ಕೆ ಮರಳುವಾಗ ಅದಲುಬದಲಾಗುತ್ತವೆ. ಹೆಗಡೆ ಹೆಗ್ಡೆಯಾಗುತ್ತದೆ. ತಾಯಿಗೆ ತವರಿನಲ್ಲಿ ಒಂದು ಹೆಸರು, ಮದುವೆಯಾದ ಮೇಲೆ ಇನ್ನೊಂದು. ಯಾವುದು ಆಕೆಯ ಆಧಾರ್ ಕಾರ್ಡಿನಲ್ಲಿದೆಯೋ ಅದನ್ನೇ ಬರೆಸಿ. ಬಾಯಲ್ಲಿ ಹೇಳುವುದಕ್ಕಿಂತ ತಂದೆ, ತಾಯಿಯ ಆಧಾರ್ ಪ್ರತಿಗಳನ್ನು ಮುಂದಿಟ್ಟು, ಆಸ್ಪತ್ರೆ ಬಿಡುವ ಮೊದಲೇ ತುಂಬಿದ ನಮೂನೆಯನ್ನು ಓದಿ ನೋಡಿ. ನೋಂದಣಿಯಾದ ಮೇಲೂ ತಿದ್ದುಪಡಿಗೆ ಅವಕಾಶವಿದೆ. ಆದರೆ ಬರವಣಿಗೆಯ ಚಿಕ್ಕ ತಪ್ಪಲ್ಲದೆ ಮೂಲ ವಿವರವೇ ತಪ್ಪಾಗಿದ್ದರೆ, ವಿಷಯ ತಿಳಿದ ಇಬ್ಬರು ನಂಬಲರ್ಹ ವ್ಯಕ್ತಿಗಳ ಹೇಳಿಕೆ ಬೇಕಾಗುತ್ತದೆ. ದೂರದ ಊರಿನ ಕಚೇರಿಯಾದರೆ ಅದೆಷ್ಟು ಅಲೆದಾಟವೆಂದು ಯೋಚಿಸಿ.

ಒಂಟಿ ತಾಯಂದಿರು ಹೆದರಿ ಹಿಂದೆ ಸರಿಯುವುದನ್ನು ನೋಡಿ ನನಗೆ ಸಂಕಟವಾಗಿದೆ. ಅವಿವಾಹಿತ ತಾಯಿ ಅರ್ಜಿ ಹಾಕಿದರೆ ಆಕೆಯಿಂದ ಅಫಿಡವಿಟ್ ಪಡೆದು ಪ್ರಮಾಣಪತ್ರ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿದೆ. ತಂದೆಯ ಹೆಸರು ಹೇಳೆಂದು ಆಕೆಯನ್ನು ಒತ್ತಾಯಿಸುವಂತಿಲ್ಲ.

ಗಡುವು ಮೀರಿದ್ದರೆ? 30 ದಿನದವರೆಗೆ ವಿಳಂಬ ಶುಲ್ಕ ಸಾಕು. ಒಂದು ವರ್ಷದೊಳಗಾದರೆ ಮೇಲಧಿಕಾರಿಯ ಲಿಖಿತ ಅನುಮತಿ ಬೇಕು. ಒಂದು ವರ್ಷ ದಾಟಿದರೆ ಹಿಂದೆ ನ್ಯಾಯಾಲಯಕ್ಕೆ ಹೋಗಬೇಕಿತ್ತು. 2023ರ ತಿದ್ದುಪಡಿ ಆ ಅಧಿಕಾರವನ್ನು ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ ಅಥವಾ ಜಿಲ್ಲಾ ದಂಡಾಧಿಕಾರಿ ನೇಮಿಸಿದ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಕೊಟ್ಟಿದೆ. ಅದಕ್ಕೂ ಮೊದಲು, ಹುಟ್ಟಿದ ಸ್ಥಳದ ರಿಜಿಸ್ಟರಿನಲ್ಲಿ ಹುಡುಕಿಸಿ, ದಾಖಲೆ ಲಭ್ಯವಿಲ್ಲವೆಂಬ ಪ್ರಮಾಣಪತ್ರ ಪಡೆಯಿರಿ. ಹಾಗೆ ಹುಡುಕುವಾಗಲೇ ಹಳೆಯ ನೋಂದಣಿ ಸಿಕ್ಕಿ ಕೆಲಸ ಮುಗಿಯುವುದುಂಟು.

ಇಷ್ಟೆಲ್ಲ ಈಗ ಏಕೆ ಅಗತ್ಯವೆಂದರೆ, 2023ರ ಅಕ್ಟೋಬರ್ 1 ಅಥವಾ ಆನಂತರ ಹುಟ್ಟಿದವರಿಗೆ ಶಾಲೆ, ಚಾಲನಾ ಪರವಾನಗಿ, ಮತದಾರರ ಪಟ್ಟಿ, ಮದುವೆ ನೋಂದಣಿ, ಸರ್ಕಾರಿ ನೌಕರಿ, ಪಾಸ್‌ಪೋರ್ಟ್, ಆಧಾರ್ ಎಲ್ಲದಕ್ಕೂ ಹುಟ್ಟಿದ ದಿನ ಮತ್ತು ಸ್ಥಳದ ಪುರಾವೆ ಜನನ ಪ್ರಮಾಣಪತ್ರವೇ. ನಮ್ಮ ತಲೆಮಾರಿನ ಕಥೆ ಬೇರೆ. ಮೇಷ್ಟ್ರು ಮಗುವಿನ ಆಳ್ತನ ನೋಡಿ ಜೂನ್ 1 ಎಂದು ಬರೆದರು, ನಾವು ಆ ದಿನದ ಲೆಕ್ಕದಲ್ಲೇ ನಿವೃತ್ತರಾದೆವು. ಅದನ್ನು ನೆನೆದು ನಗುವವರಿಗೆ ಬಾಲ್ಯವಿವಾಹದ ಪ್ರಕರಣ ನೋಡಿದ ಅನುಭವ ಇರಲಾರದು. ಹುಡುಗಿಗೆ 18 ತುಂಬಿದೆ ಎಂದು ಮನೆಯವರೆಲ್ಲ ಒಟ್ಟಾಗಿ ಹೇಳಿದಾಗ ಆಕೆಯ ಪರವಾಗಿ ಮಾತಾಡುವುದು ರಿಜಿಸ್ಟರಿನ ಆ ಒಂದು ಸಾಲು ಮಾತ್ರ. ಕಾನೂನಿನೊಡನೆ ಸಂಘರ್ಷಕ್ಕೆ ಸಿಕ್ಕ ಹುಡುಗನ ವಯಸ್ಸು ನಿರ್ಧರಿಸುವಾಗ 2015ರ ಬಾಲನ್ಯಾಯ ಕಾಯಿದೆ ಮೊದಲು ಶಾಲೆಯ ಅಥವಾ ಮೆಟ್ರಿಕ್ ದಾಖಲೆಯನ್ನು, ಅದಿಲ್ಲದಿದ್ದರೆ ಸ್ಥಳೀಯ ಸಂಸ್ಥೆಯ ಜನನ ಪ್ರಮಾಣಪತ್ರವನ್ನು, ಎರಡೂ ಇಲ್ಲದಿದ್ದರಷ್ಟೇ ವೈದ್ಯಕೀಯ ಪರೀಕ್ಷೆಯನ್ನು ನೋಡುತ್ತದೆ. ಶಾಲೆಯ ದಾಖಲೆ ಸರಿಯಾಗಿರಬೇಕಾದರೆ ಅದಕ್ಕೆ ಆಧಾರವಾಗುವ ಪ್ರಮಾಣಪತ್ರ ಸರಿಯಾಗಿರಬೇಕು.

ನಮೂನೆಯಲ್ಲಿ ಎರಡು ಭಾಗಗಳಿವೆ. ಒಂದು ಕಾನೂನಿಗೆ ಬೇಕಾದದ್ದು: ದಿನ, ಲಿಂಗ, ಹೆಸರುಗಳು, ಸ್ಥಳ. ಇನ್ನೊಂದು ಅಂಕಿಅಂಶದ ಭಾಗ: ತಾಯಿಯ ಓದು, ಮದುವೆಯಾದಾಗಿನ ವಯಸ್ಸು, ಎಷ್ಟನೆಯ ಮಗು, ಹೆರಿಗೆ ಮಾಡಿಸಿದವರು ಯಾರು, ಎಷ್ಟು ವಾರಕ್ಕೆ ಹೆರಿಗೆಯಾಯಿತು, ಮಗುವಿನ ತೂಕ. ನಮ್ಮ ರಾಜ್ಯದಲ್ಲಿ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ನಿರ್ದೇಶಕರೇ ಜನನ ಮರಣಗಳ ಮುಖ್ಯ ನೋಂದಣಾಧಿಕಾರಿ. ಹುಟ್ಟುವ ಮಕ್ಕಳಲ್ಲಿ ಹೆಣ್ಣೆಷ್ಟು, ಗಂಡೆಷ್ಟು ಎಂಬ ಲೆಕ್ಕ ವರ್ಷವರ್ಷವೂ ಹೊರಡುವುದು ಈ ನೋಂದಣಿಗಳಿಂದ.

ಹುಟ್ಟಿದಾಗಿನ ತೂಕ ಬರೆದಿಟ್ಟರೆ ಏನು ಸಿಗುತ್ತದೆ ಎಂಬುದಕ್ಕೆ ಮೈಸೂರಿನಲ್ಲೇ ನಿದರ್ಶನವಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಅಂದರೆ ಮಿಷನ್ ಆಸ್ಪತ್ರೆ, ಹೆರಿಗೆಯ ದಾಖಲೆಗಳನ್ನು ಜೋಪಾನವಾಗಿ ಇಟ್ಟಿತ್ತು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಸಂಶೋಧಕರು ಪತ್ತೆ ಮಾಡಿ ಪರೀಕ್ಷಿಸಿದರು. ಹುಟ್ಟುವಾಗ ತೂಕ ಕಡಿಮೆಯಿದ್ದವರಲ್ಲಿ ಮಧ್ಯವಯಸ್ಸಿನ ನಂತರ ಹೃದ್ರೋಗ ಹೆಚ್ಚು ಎಂದು 1996ರಲ್ಲಿ ಪ್ರಕಟಿಸಿದರು. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರಿನಲ್ಲಿ ಸೂಲಗಿತ್ತಿಯರು 1911ರಿಂದ ಬರೆದಿಟ್ಟ ತೂಕಗಳಿಂದ ಡೇವಿಡ್ ಬಾರ್ಕರ್ ಅದಕ್ಕೂ ಮೊದಲೇ ಇಂಥದೇ ನಂಟು ಕಂಡುಕೊಂಡಿದ್ದರು. ಬಸುರಿಯರ ಊಟ, ಆರೈಕೆಗೆ ಇಂದು ಸಿಗುತ್ತಿರುವ ಮಹತ್ವದ ಹಿಂದೆ ಇಂಥ ಹಳೆಯ ಬರಹಗಳಿವೆ.

ಆದ್ದರಿಂದ ನರ್ಸ್ ಬಂದು ಈ ಎರಡನೆಯ ಭಾಗದ ಪ್ರಶ್ನೆಗಳನ್ನು ಕೇಳಿದಾಗ ಬಾಯಿಗೆ ಬಂದದ್ದು ಹೇಳಿ ಕಳಿಸಬೇಡಿ. ತಾಯಿಯ ಮದುವೆಯ ವಯಸ್ಸನ್ನು ಏರಿಸಬೇಡಿ. ತೂಕವನ್ನು ಎರಡೂವರೆ ಕಿಲೋ ಎಂದು ಅಂದಾಜಿನಲ್ಲಿ ಮುಗಿಸದೆ, ಹೆರಿಗೆ ಕೋಣೆಯಲ್ಲಿ ತೂಗಿದಾಗ ಗ್ರಾಂ ಲೆಕ್ಕದಲ್ಲಿ ಬರೆದದ್ದನ್ನು ನೋಡಿ ಹೇಳಿ.