ಫೆಬ್ರುವರಿ 24 ಎರಡು ಸಲ: ಹಳೆಯ ರೋಮನ್ ಪಂಚಾಂಗದಲ್ಲಿ ಅಧಿಕ ದಿನ ಗುರುತಿಸುವುದು ಹೇಗೆ?

ಅಧಿಕ ವರ್ಷ ಎಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಫೆಬ್ರುವರಿ 29ರ ಮೇಲೆ. ಆದರೆ ಕಥೋಲಿಕ ಧರ್ಮಸಭೆಯ ಹಳೆಯ ಲ್ಯಾಟಿನ್ ಬಲಿಪೂಜೆಯ 1962ರ ಪಂಚಾಂಗವನ್ನು ಪಾಲಿಸುವವರು ನೋಡಬೇಕಾದದ್ದು 24ನ್ನು. ಒಂದೇ ತಿಥಿ ಎರಡು ಸೂರ್ಯೋದಯಕ್ಕೂ ಇದ್ದು ವೃದ್ಧಿಯಾಗುವುದನ್ನು ಕಂಡ ನಮಗೆ ಈ ಲೆಕ್ಕ ಹೊಸದೇನಲ್ಲ.

ರೋಮನ್ನರು ತಿಂಗಳ ಕೊನೆಯ ದಿನಗಳನ್ನು ಹಿಮ್ಮುಖವಾಗಿ ಎಣಿಸುತ್ತಿದ್ದರು, ಅದೂ ಮುಂದಿನ ತಿಂಗಳ ಮೊದಲ ದಿನವನ್ನೂ ಸೇರಿಸಿಕೊಂಡು. ಮಾರ್ಚ್ 1 ಒಂದು, ಫೆಬ್ರುವರಿ 28 ಎರಡು, ಹೀಗೆ ಹಿಂದೆ ಬಂದರೆ 24 ಆರನೆಯ ದಿನ: ‘ಸೆಕ್ಸ್ತೊ ಕಲೆಂದಾಸ್’. ಜೂಲಿಯಸ್ ಸೀಸರನ ಪಂಚಾಂಗದಲ್ಲಿ ಅಧಿಕ ವರ್ಷ ಬಂದಾಗ ಈ ಆರನೆಯ ದಿನವನ್ನೇ ಎರಡು ಸಲ ಎಣಿಸಿದರು. ‘ಬಿಸ್ ಸೆಕ್ಸ್ತುಸ್’, ಎರಡು ಬಾರಿಯ ಆರನೆಯದು ಎಂಬ ಹೆಸರು ಬಂದದ್ದು ಹೀಗೆ. ಧರ್ಮಸಭೆ ಅದನ್ನೇ ಉಳಿಸಿಕೊಂಡಿತು.

ವರ್ಷ 4ರಿಂದ ಭಾಗವಾಗುತ್ತದೆಯೇ ಎಂದು ಮೊದಲು ನೋಡಿ. ಶತಮಾನದ ವರ್ಷವಾದರೆ 400ರಿಂದ ಭಾಗವಾಗಬೇಕು; ಇದು 1582ರ ತಿದ್ದುಪಡಿ. 2000 ಅಧಿಕ ವರ್ಷ, 2100 ಅಲ್ಲ.

ಈಗ 2028ನ್ನು ತೆಗೆದುಕೊಳ್ಳಿ. ಹಾಳೆಯಲ್ಲಿ 23ರಿಂದ 29ರವರೆಗೆ ಏಳು ಸಾಲು ಬರೆದು, ಪಕ್ಕದಲ್ಲಿ ರೋಮನ್ ಎಣಿಕೆ ಹಾಕಿ: 23ಕ್ಕೆ ಏಳು, 24ಕ್ಕೆ ಆರು, 25ಕ್ಕೆ ಮತ್ತೆ ಆರು, 26ಕ್ಕೆ ಐದು, 27ಕ್ಕೆ ನಾಲ್ಕು, 28ಕ್ಕೆ ಮೂರು, 29 ಮುನ್ನಾದಿನ. 23ರ ಸಂತ ಪೀಟರ್ ಡೇಮಿಯನ್ ಹಬ್ಬ ಕದಲುವುದಿಲ್ಲ. 24ರ ಪ್ರೇಷಿತ ಸಂತ ಮತ್ತೀಯರ ಹಬ್ಬ (ಯೇಸುವಿಗೆ ದ್ರೋಹ ಬಗೆದ ಯೂದನ ಸ್ಥಾನಕ್ಕೆ ಚೀಟಿ ಬಿದ್ದು ಬಂದವರು, ಸುವಾರ್ತೆ ಬರೆದ ಮತ್ತಾಯರಲ್ಲ) ಎರಡನೆಯ ಆರಕ್ಕೆ, ಅಂದರೆ 25ಕ್ಕೆ ಸರಿಯುತ್ತದೆ. 1955ಕ್ಕೂ ಹಿಂದಿನ ಪೂಜಾ ಪುಸ್ತಕ ಬಳಸುವುದಾದರೆ ಅವರ ಜಾಗರಣೆಯನ್ನೂ (ಹಬ್ಬದ ಮುನ್ನಾದಿನದ ಆಚರಣೆ) 23ರಿಂದ 24ಕ್ಕೆ ತನ್ನಿ.

ಎಡವುವುದು ಮುಂದಿನ ಹೆಜ್ಜೆಯಲ್ಲಿ. ಮತ್ತೀಯರನ್ನು ಸರಿಸಿದವರು 27ರ ಸಂತ ಗೇಬ್ರಿಯೆಲರನ್ನು ಅಲ್ಲೇ ಬಿಟ್ಟುಬಿಡಬಹುದು. ವ್ಯಾಕುಲ ಮಾತೆಯ ಭಕ್ತರಾದ ಈ ಯುವಕ ತೀರಿಕೊಂಡದ್ದು 1862ರ ಫೆಬ್ರುವರಿ 27ರಂದು, ರೋಮನ್ ಎಣಿಕೆಯಲ್ಲಿ ಮೂರನೆಯ ದಿನ. ಅಧಿಕ ವರ್ಷದಲ್ಲಿ ಮೂರನೆಯ ದಿನ 28. 2028ರಲ್ಲಿ 27 ಕ್ವಿಂಕ್ವಾಜೆಸಿಮಾ, ಅಂದರೆ ಬೂದಿ ಬುಧವಾರಕ್ಕೆ ಮುಂಚಿನ ಭಾನುವಾರ. ಅಲ್ಲೇ ಬಿಟ್ಟರೆ ಭಾನುವಾರದ ಅಡಿಯಲ್ಲಿ ಹಬ್ಬವೇ ಮುಚ್ಚಿಹೋಗುತ್ತದೆ. 28ರ ಸೋಮವಾರ ಖಾಲಿ ಇದೆ, ಬೂದಿ ಬುಧವಾರ ಬರುವುದು ಮಾರ್ಚ್ 1ಕ್ಕೆ.

ಸರಿಸಿದ ದಿನವೂ ಕೆಲವೊಮ್ಮೆ ಖಾಲಿ ಇರುವುದಿಲ್ಲ. 2024ರ ಫೆಬ್ರುವರಿ 25 ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ ಎರಡನೇ ಭಾನುವಾರವಾಗಿತ್ತು. ಪಂಚಾಂಗದ ದರ್ಜೆಗಳಲ್ಲಿ ಅದು ಮೊದಲನೆಯದು, ಮತ್ತೀಯರ ಹಬ್ಬ ಎರಡನೆಯದು; ಮೇಲಿನದೇ ಗೆಲ್ಲುತ್ತದೆ. ಹಾಗೆಂದು 26ಕ್ಕೆ ತಳ್ಳುವಂತಿಲ್ಲ. ಮುಂದೂಡುವ ಹಕ್ಕಿರುವುದು ಮೊದಲ ದರ್ಜೆಯ ಹಬ್ಬಗಳಿಗೆ ಮಾತ್ರ. ಆ ವರ್ಷಕ್ಕೆ ಹಬ್ಬ ಬಿಟ್ಟುಹೋಯಿತು. 1969ರ ಹೊಸ ಪಂಚಾಂಗದಲ್ಲಿ ಮತ್ತೀಯರು ಮೇ 14ಕ್ಕೆ ಹೋದ ಕಾರಣ ಈಗಿನ ಸಾಮಾನ್ಯ ಪಂಚಾಂಗದಲ್ಲಿ ಈ ತೊಡಕಿಲ್ಲ.

ಕೊನೆಗೆ ಭಾನುವಾರದ ಅಕ್ಷರ, ಅಂದರೆ ಆ ವರ್ಷದ ಭಾನುವಾರಗಳು ಬೀಳುವ ಅಕ್ಷರ. ಜನವರಿ 1ರಿಂದ ದಿನಕ್ಕೊಂದರಂತೆ ಎ-ಯಿಂದ ಜಿ-ವರೆಗಿನ ಏಳು ಅಕ್ಷರಗಳು ಸುತ್ತುತ್ತವೆ. 2028ರ ಮೊದಲ ಭಾನುವಾರ ಜನವರಿ 2, ಹಾಗಾಗಿ ಅಕ್ಷರ ಬಿ. ಎಫ್ ಅಕ್ಷರವನ್ನು 24 ಮತ್ತು 25 ಎರಡಕ್ಕೂ ಹಾಕಿ. 26 ಜಿ, 27 ಎ. ಭಾನುವಾರ ಈಗ ಎ-ಗೆ ಬಂತು, ಅಲ್ಲಿಂದ ವರ್ಷದ ಕೊನೆವರೆಗೂ ಅದೇ. ಎಫ್ ಎರಡು ಸಲ ಬರೆಯದೆ ಬಿ-ಯಲ್ಲೇ ಮುಂದುವರಿದರೆ ಫೆಬ್ರುವರಿಯಲ್ಲಿ ತಪ್ಪು ಕಾಣುವುದೇ ಇಲ್ಲ. ಆದರೆ ಮಾರ್ಚ್ 1ರ ಅಕ್ಷರ ಎಲ್ಲ ವರ್ಷವೂ ಡಿ, ಹಾಗಾಗಿ ಮಾರ್ಚ್ 6ರ ಸೋಮವಾರದ ಮುಂದೆ ಭಾನುವಾರ ಎಂದು ಬಿದ್ದಿರುತ್ತದೆ.