ಕೊನೆಯ ಓವರ್ ತನಕ ಒಡೆಯದ ಖಾರದ ಚೀಸ್ ಡಿಪ್

ಐಪಿಎಲ್ ರಾತ್ರಿ ಮ್ಯಾಚಿನ ಮೊದಲ ಬಾಲ್ ಬೀಳುವುದು 7:30ಕ್ಕೆ. ಕೊನೆಯ ಬಾಲ್ ಹೊತ್ತಿಗೆ ಗಂಟೆ 11 ದಾಟಿರುತ್ತದೆ. ಚಿಪ್ಸ್ ಅದ್ದಿ ತಿನ್ನಲೆಂದು ವಿಡಿಯೋ ನೋಡಿ ಮಾಡಿದ ಚೀಸ್ ಡಿಪ್ ಒಲೆಯಿಂದ ಇಳಿದ ಹತ್ತು ನಿಮಿಷ ಚೆಂದ. ಪವರ್‌ಪ್ಲೇ ಮುಗಿಯುವಷ್ಟರಲ್ಲಿ ಮೇಲೆ ಎಣ್ಣೆ ತೇಲಿ, ಕೆಳಗೆ ರಬ್ಬರ್ ಕೂತಿರುತ್ತದೆ. ಹಾಗಾಗಿ ರುಚಿಯ ಮಾತನ್ನು ನಾನು ಎರಡನೆಯದಾಗಿ ಇಟ್ಟುಕೊಳ್ಳುತ್ತೇನೆ. ಮೊದಲು ನೋಡುವುದು ಇದು ಮೂರೂವರೆ ಗಂಟೆ ಒಡೆಯದೆ ನಿಲ್ಲುತ್ತದೋ ಇಲ್ಲವೋ ಅಂತ.

ತಿಂಡಿ ಮೂಲತಃ ಅಮೆರಿಕದ್ದು. ಅಲ್ಲಿ ಫೆಬ್ರವರಿಯ ಸೂಪರ್ ಬೌಲ್ ಭಾನುವಾರ, ಅಂದರೆ ಅವರ ಫುಟ್‌ಬಾಲ್ ಫೈನಲ್ ದಿನ, ಇದಿಲ್ಲದೆ ಟೀವಿ ಮುಂದೆ ಯಾರೂ ಕೂರುವುದಿಲ್ಲ. (ಆ ಮ್ಯಾಚ್ ನಮಗೆ ಸೋಮವಾರ ಬೆಳಗಿನ ಜಾವ ಐದಕ್ಕೆ ಶುರು. ಆ ಹೊತ್ತಿಗೆ ಡಿಪ್ ಯಾರಿಗೆ ಬೇಕು.) ಅವರಲ್ಲಿ ಮುಖ್ಯವಾಗಿ ಎರಡು ಬಗೆ. ಟೆಕ್ಸಾಸ್ ಕಡೆಯ ಕೇಸೊ ಅಂದರೆ ವೆಲ್ವೀಟಾ ಎಂಬ ಪ್ರೊಸೆಸ್ಡ್ ಚೀಸ್ ಕರಗಿಸಿ, ಡಬ್ಬಿಯ ಟೊಮೆಟೊ-ಹಸಿಮೆಣಸಿನಕಾಯಿ ಸುರಿದದ್ದು. ಇನ್ನೊಂದು ಬಫಲೋ ಚಿಕನ್ ಡಿಪ್. ಎಮ್ಮೆಗೂ ಅದಕ್ಕೂ ಸಂಬಂಧವಿಲ್ಲ, ಬಫಲೋ ನ್ಯೂಯಾರ್ಕ್ ರಾಜ್ಯದ ಒಂದು ಊರು. ಅಲ್ಲಿನ ಆಂಕರ್ ಬಾರ್‌ನಲ್ಲಿ 1964ರಲ್ಲಿ ಶುರುವಾಯಿತೆನ್ನುವ ಕೋಳಿ ರೆಕ್ಕೆಯ ಖಾರ-ಹುಳಿ ಸಾಸನ್ನು ಕ್ರೀಮ್ ಚೀಸ್ ಜೊತೆ ಬೆರೆಸಿದ್ದು ಇದು. ಕೇಸೊ ಗಂಟೆಗಟ್ಟಲೆ ನಿಲ್ಲುತ್ತದೆ, ಆದರೆ ರುಚಿ ಸಪ್ಪೆ. ಬಫಲೋ ರುಚಿ, ಆದರೆ ಬೇಗ ಒಡೆಯುತ್ತದೆ. ನನ್ನ ಡಿಪ್‌ಗೆ ಹದ ಮೊದಲನೆಯದರದ್ದು, ಖಾರ-ಹುಳಿ ಎರಡನೆಯದರದ್ದು.

ಚೀಸ್ ವಿಷಯಕ್ಕೆ ಬಂದರೆ, ಪ್ರೊಸೆಸ್ಡ್ ಚೀಸನ್ನು ಕೀಳಾಗಿ ಕಾಣುವವರು ಈ ಒಂದು ಕೆಲಸಕ್ಕಾದರೂ ಮನಸ್ಸು ಬದಲಿಸಬೇಕು. ಚೀಸಿನೊಳಗೆ ಹಾಲಿನ ಪ್ರೋಟೀನು ಕ್ಯಾಲ್ಸಿಯಂ ಹಿಡಿದುಕೊಂಡು ಬಲೆಯ ಹಾಗೆ ನಿಂತಿರುತ್ತದೆ, ಜಿಡ್ಡು ಆ ಬಲೆಯಲ್ಲಿ ಸಿಕ್ಕಿಕೊಂಡಿರುತ್ತದೆ. ಕಾವು ಹೆಚ್ಚಾದರೆ ಬಲೆ ಬಿಗಿದುಕೊಂಡು ಜಿಡ್ಡನ್ನು ಹೊರಗೆ ಹಿಂಡುತ್ತದೆ. ಪ್ರೊಸೆಸ್ಡ್ ಚೀಸಿನಲ್ಲಿ ಸೋಡಿಯಂ ಸಿಟ್ರೇಟ್‌ನಂಥ ಉಪ್ಪು ಇರುತ್ತದೆ. ಅದು ಕ್ಯಾಲ್ಸಿಯಂ ಅನ್ನು ಬಿಡಿಸಿ, ಪ್ರೋಟೀನು ಜಿಡ್ಡನ್ನೂ ನೀರನ್ನೂ ಒಟ್ಟಿಗೆ ಹಿಡಿದಿಡುವಂತೆ ಮಾಡುತ್ತದೆ. ಬರೀ ಮೊಝರೆಲ್ಲಾ ಹಾಕಿದರೆ ಚಿಪ್ಸ್ ಎತ್ತಿದಾಗ ಅರ್ಧ ಮೊಳ ನೂಲು ಬರುತ್ತದೆ, ಆರಿದ ಮೇಲೆ ಮುದ್ದೆ. ಎರಡು ಪಾಲು ಪ್ರೊಸೆಸ್ಡ್, ಒಂದು ಪಾಲು ಮೊಝರೆಲ್ಲಾ ನನಗೆ ಸರಿಬಂದ ಲೆಕ್ಕ. ಪನೀರ್ ಇದಕ್ಕೆ ಬೇಡ. ಹುಳಿ ಹಿಂಡಿ ಒಡೆಸಿದ ಪನೀರ್ ಎಷ್ಟು ಕಾಯಿಸಿದರೂ ಕರಗುವುದಿಲ್ಲ, ತರಿತರಿಯಾಗಿ ಬಾಯಿಗೆ ಸಿಗುತ್ತದೆ.

ಕ್ರೀಮ್ ಚೀಸ್ ಬದಲಿಗೆ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು. ಅವತ್ತೇ ಹೆಪ್ಪಾದ ಸಿಹಿ ಮೊಸರೇ ಆಗಬೇಕು. ಬೇಸಗೆಯಲ್ಲಿ ಎರಡು ದಿನದ ಮೊಸರಿನ ಹುಳಿ ಡಿಪ್ಪನ್ನು ಒಡೆಸಿಬಿಡುತ್ತದೆ. 300 ಗ್ರಾಂ ಮೊಸರು ಫ್ರಿಜ್ಜಿನೊಳಗೇ ಮೂರು ಗಂಟೆ ತೂಗುಬಿದ್ದರೆ ಸುಮಾರು 150 ಗ್ರಾಂ ಗಟ್ಟಿ ಸಿಗುತ್ತದೆ. ಇಳಿದ ನೀರನ್ನು ಚೆಲ್ಲಬೇಡಿ, ಮರುದಿನದ ತಂಬುಳಿಗೆ ಆಗುತ್ತದೆ.

ಖಾರಕ್ಕೆ ನಾನು ಮೂರು ಹಾಕುತ್ತೇನೆ, ಮೂರಕ್ಕೂ ಬೇರೆ ಬೇರೆ ಕೆಲಸ. ಸೂಜಿಮೆಣಸು ನಾಲಿಗೆಗೆ ತಾಗಿದ ಕ್ಷಣಕ್ಕೆ ಚುಚ್ಚುತ್ತದೆ. ಬ್ಯಾಡಗಿ ಪುಡಿ ಬಣ್ಣಕ್ಕೆ, ಅದರಲ್ಲಿ ಖಾರ ಕಡಿಮೆ. ಕಾಳುಮೆಣಸು ನುಂಗಿದ ಮೇಲೆ ಗಂಟಲಲ್ಲಿ ಉಳಿಯುತ್ತದೆ. ಹುಳಿಗೆ ವಿನೆಗರ್ ಬೇಡ, ಅಪ್ಪೆಮಿಡಿ ಉಪ್ಪಿನಕಾಯಿಯ ರಸ ಸಾಕು. ಸಾಗರ, ಹೊಸನಗರ, ರಿಪ್ಪನ್‌ಪೇಟೆ ಕಡೆಯ ಮಿಡಿಯ ಜಾಡಿಯಲ್ಲಿ ತಳಕ್ಕೆ ಉಳಿಯುವ ಕೆಂಪು ರಸದಲ್ಲಿ ಉಪ್ಪು, ಹುಳಿ, ಸಾಸಿವೆ, ಮೆಣಸಿನ ಪುಡಿ, ಮಿಡಿಯ ಸೊನೆಯ ಪರಿಮಳ ಎಲ್ಲ ಇರುತ್ತದೆ. ಬಫಲೋ ಸಾಸಿನಲ್ಲಿ ಇರುವುದೂ ಖಾರ, ಹುಳಿ, ಉಪ್ಪೇ. ಪರಿಮಳದಲ್ಲಿ ನಮ್ಮದು ಒಂದು ಕೈ ಮೇಲು ಅನ್ನುವುದು ನನ್ನ ಅಭಿಪ್ರಾಯ.

ಎಂಟು-ಹತ್ತು ಜನಕ್ಕೆ ಅಳತೆ: ಪ್ರೊಸೆಸ್ಡ್ ಚೀಸ್ 200 ಗ್ರಾಂ (ಅಮುಲ್‌ನ 25 ಗ್ರಾಮಿನ ಕ್ಯೂಬ್ ಆದರೆ ಎಂಟು), ಮೊಝರೆಲ್ಲಾ 100 ಗ್ರಾಂ, ಬೆಣ್ಣೆ 30 ಗ್ರಾಂ, ಮೈದಾ ಮಟ್ಟಸವಾಗಿ 2 ದೊಡ್ಡ ಚಮಚ, ಗಟ್ಟಿ ಹಾಲು 350 ಮಿಲಿ, ನೀರಿಳಿಸಿದ ಮೊಸರು 150 ಗ್ರಾಂ, ಸಣ್ಣಗೆ ಹೆಚ್ಚಿದ ಈರುಳ್ಳಿ ಒಂದು, ಬೆಳ್ಳುಳ್ಳಿ 6 ಎಸಳು, ಸೂಜಿಮೆಣಸು 8ರಿಂದ 10, ಬ್ಯಾಡಗಿ ಪುಡಿ 2 ಚಹಾ ಚಮಚ, ತರಿಯಾಗಿ ಕುಟ್ಟಿದ ಕಾಳುಮೆಣಸು 1 ಚಹಾ ಚಮಚ, ಅಪ್ಪೆಮಿಡಿ ರಸ 2 ದೊಡ್ಡ ಚಮಚ. ಉಪ್ಪು ಬೇಡವೇ ಬೇಡ. ಚೀಸಿನಲ್ಲೂ ರಸದಲ್ಲೂ ಬೇಕಾದ್ದಕ್ಕಿಂತ ಹೆಚ್ಚೇ ಇದೆ.

ಚೀಸನ್ನು ಫ್ರಿಜ್ಜಿನಿಂದ ಅರ್ಧ ಗಂಟೆ ಮುಂಚೆ ತೆಗೆದು ತುರಿದಿಡಬೇಕು. ತುರಿದೇ ಬರುವ ಪ್ಯಾಕೆಟ್ಟಿನಲ್ಲಿ ಅಂಟದಿರಲೆಂದು ಹಿಟ್ಟು ಸವರಿರುತ್ತಾರೆ, ಅದರಿಂದ ಡಿಪ್ ಮರಳುಮರಳಾಗುತ್ತದೆ. ದಪ್ಪ ತಳದ ಪಾತ್ರೆಯಲ್ಲಿ ಬೆಣ್ಣೆ ಕರಗಿಸಿ, ಸಣ್ಣ ಉರಿಯಲ್ಲಿ ಜಜ್ಜಿದ ಸೂಜಿಮೆಣಸು, ಬೆಳ್ಳುಳ್ಳಿ ಹಾಕಿ ಎರಡು ನಿಮಿಷ ಬಿಡಿ. ಮೆಣಸಿನ ಖಾರ ನೀರಿಗೆ ಇಳಿಯುವುದಿಲ್ಲ, ಜಿಡ್ಡಿಗೆ ಇಳಿಯುತ್ತದೆ. ಈ ಎರಡು ನಿಮಿಷ ಉಳಿಸಹೋದರೆ ಒಂದು ಚಿಪ್ಸಿಗೆ ಖಾರ, ಇನ್ನೊಂದಕ್ಕೆ ಸಪ್ಪೆ. ಉರಿ ದೊಡ್ಡದಾದರೆ ಘಾಟು ಎದ್ದು ಜಗಲಿಯಲ್ಲಿ ಕೂತವರೂ ಕೆಮ್ಮುತ್ತಾರೆ. ಈರುಳ್ಳಿ ಸೇರಿಸಿ, ಕೆಂಪಾಗಿಸದೆ, ಮೆತ್ತಗಾಗುವ ತನಕ ಬಾಡಿಸಿ. ಮೈದಾ ಉದುರಿಸಿ ಎರಡು ನಿಮಿಷ ಹುರಿದು ಹಸಿವಾಸನೆ ಹೋದಮೇಲೆ ಒಲೆ ಆರಿಸಿ ಬ್ಯಾಡಗಿ ಪುಡಿ ಹಾಕಿ. ಉರಿಯ ಮೇಲೇ ಹಾಕಿದರೆ ಪುಡಿ ಕ್ಷಣದಲ್ಲಿ ಸೀದು ಬಣ್ಣ ಕಂದಿ, ಕಹಿ ಬಿಡುತ್ತದೆ.

ಮತ್ತೆ ಒಲೆ ಹಚ್ಚಿ ಹಾಲನ್ನು ಮೂರು ಸಲಕ್ಕೆ ಹುಯ್ಯಿರಿ. ತಿರುಗಿಸಲು ನನಗೆ ಕಡಗೋಲೇ ಅನುಕೂಲ. ಚಿಕ್ಕ ಕಡಗೋಲನ್ನು ಎರಡು ಅಂಗೈ ನಡುವೆ ತಿರುವಿದರೆ ತಂತಿಯ ವಿಸ್ಕ್‌ಗಿಂತ ಬೇಗ ಗಂಟು ಒಡೆಯುತ್ತದೆ. ಕುದಿ ಬಂದ ಮೇಲೆ ನಾಲ್ಕೈದು ನಿಮಿಷ, ಸೌಟಿನ ಬೆನ್ನಿಗೆ ಅಂಟಿ, ಬೆರಳಲ್ಲಿ ಗೆರೆ ಎಳೆದರೆ ಗೆರೆ ಹಾಗೇ ಉಳಿಯುವ ತನಕ. ಇಲ್ಲಿಗೆ ಒಲೆಯ ಕೆಲಸ ಮುಗಿಯಿತು. ಪಾತ್ರೆ ಕೆಳಗಿಳಿಸಿ ಪೂರ್ತಿ ಎರಡು ನಿಮಿಷ ಸುಮ್ಮನಿರಿ. ಚೀಸ್ ಕರಗಲು 65-70 ಡಿಗ್ರಿ ಸಾಕು, ಕುದಿಯುವ ಸಾಸಿನಲ್ಲಿ ಅದು ಒಡೆಯುತ್ತದೆ. ತುರಿಯನ್ನು ಒಂದೊಂದು ಹಿಡಿ ಹಾಕಿ, ಅದು ಕಾಣದಾದ ಮೇಲೆ ಮುಂದಿನ ಹಿಡಿ. ಮೊದಲು ಪ್ರೊಸೆಸ್ಡ್, ಆಮೇಲೆ ಮೊಝರೆಲ್ಲಾ. ಈ ಹಂತದಲ್ಲಿ ಕಡಗೋಲು ಬಿಟ್ಟು ಮರದ ಸೌಟು ಹಿಡಿಯಿರಿ. ಮೊಝರೆಲ್ಲಾವನ್ನು ಹೆಚ್ಚು ಕಡೆದಷ್ಟೂ ನೂಲು ಗಟ್ಟಿಯಾಗಿ ಸೌಟಿಗೇ ಸುತ್ತಿಕೊಳ್ಳುತ್ತದೆ.

ಮೊಸರಿಗೆ ಬೇರೆ ಬಟ್ಟಲಲ್ಲಿ ಎರಡು ಸೌಟು ಬಿಸಿ ಸಾಸ್ ಬೆರೆಸಿ, ಬೆಚ್ಚಗಾದ ಮೇಲೆ ಪಾತ್ರೆಗೆ ಸೇರಿಸಿ. ಕೊನೆಗೆ ಕಾಳುಮೆಣಸು, ಅಪ್ಪೆಮಿಡಿ ರಸ. ರಸವನ್ನು ಮೊದಲೇ ಹಾಕಿದರೆ ಹಾಲು ಒಡೆಯುತ್ತದೆ, ಜೊತೆಗೆ ಮಿಡಿಯ ಪರಿಮಳವೂ ಕಾವಿಗೆ ಹಾರಿಹೋಗುತ್ತದೆ. ಖಾರದ ರುಚಿ ನೋಡುವುದು ಚೀಸ್ ಸೇರಿದ ಮೇಲೆಯೇ. ಹಾಲಿನ ಪ್ರೋಟೀನು ಖಾರವನ್ನು ಹಿಡಿದು ಮಂಕು ಮಾಡುವುದರಿಂದ, ಬೆಣ್ಣೆಯಲ್ಲಿ ಕಣ್ಣೀರು ಬರಿಸಿದ ಮೆಣಸು ಡಿಪ್ಪಿನಲ್ಲಿ ಹದವಾಗಿರುತ್ತದೆ. ಇನ್ನೊಂದು ಮಾತು. ಖಾರ ತಿಳಿಸುವ ನರವೂ ಬಿಸಿ ತಿಳಿಸುವ ನರವೂ ಒಂದೇ. ಸುಡುವ ಡಿಪ್ ನೆಕ್ಕಿ ಖಾರ ಹೆಚ್ಚಾಯಿತೆಂದು ಇನ್ನೊಂದು ಲೋಟ ಹಾಲು ಸುರಿಯಬೇಡಿ. ಉಗುರುಬೆಚ್ಚಗಾದಾಗ ಅದೇ ಡಿಪ್ ಸಾಧು ಅನ್ನಿಸುತ್ತದೆ.

ಇಳಿಸುವಾಗ ಹದ ಉದ್ದಿನ ದೋಸೆ ಹಿಟ್ಟಿನಂತಿರಬೇಕು. ಸ್ವಲ್ಪ ತೆಳುವಾಯಿತಲ್ಲ ಅನ್ನಿಸಿದರೆ ಅದೇ ಸರಿ. ಆರುತ್ತಾ ಮೈದಾ, ಚೀಸ್ ಎರಡೂ ಬಿಗಿಯುತ್ತವೆ.

ಹಾಗೂ ಒಡೆದರೆ? ಅಂಚಲ್ಲಿ ಎಣ್ಣೆ ಮಿನುಗುವುದು ಮೊದಲ ಲಕ್ಷಣ. ಆಗಲೇ ಒಲೆಯಿಂದ ಇಳಿಸಿ, ಎರಡು ದೊಡ್ಡ ಚಮಚ ಬಿಸಿ ಹಾಲು, ಒಂದು ಪ್ರೊಸೆಸ್ಡ್ ಚೀಸ್ ಕ್ಯೂಬ್ ತುರಿದು ಹಾಕಿ ಕಡೆಯಿರಿ, ಕೂಡಿಕೊಳ್ಳುತ್ತದೆ. ತಳದಲ್ಲಿ ರಬ್ಬರಿನ ಉಂಡೆ ಕಟ್ಟಿದ್ದರೆ ಅದು ವಾಪಸ್ ಬರುವುದಿಲ್ಲ, ಸೋಸಿ ತೆಗೆದು ಉಳಿದದ್ದನ್ನು ಹೀಗೆ ಸರಿಮಾಡಬಹುದು. ಯಾರೋ ಬೆಂಗಳೂರಿನಿಂದ ತಂದ, ಪ್ರೊಸೆಸ್ ಮಾಡದ ಒಳ್ಳೆಯ ಚೆಡ್ಡಾರ್ ಚೀಸ್ ಇದೆ, ಅದನ್ನೇ ಹಾಕಬೇಕು ಅಂದರೆ ಸೋಡಿಯಂ ಸಿಟ್ರೇಟನ್ನು ಮನೆಯಲ್ಲೇ ಮಾಡಿಕೊಳ್ಳಿ. ಎರಡು ದೊಡ್ಡ ಚಮಚ ನಿಂಬೆರಸಕ್ಕೆ ಅರ್ಧ ಚಹಾ ಚಮಚಕ್ಕೆ ತುಸು ಕಡಿಮೆ ಅಡುಗೆ ಸೋಡಾ. ಬುರುಗು ಪೂರ್ತಿ ಅಡಗಿದ ಮೇಲೆ ಹಾಲಿಗೆ ಬೆರೆಸಿ. 100 ಗ್ರಾಂ ಚೆಡ್ಡಾರಿಗೆ ಇಷ್ಟು ಸಾಕು. ಸೋಡಾ ಹೆಚ್ಚಾದರೆ ಸಾಬೂನಿನ ರುಚಿ.

ಒಳಗೆ ಏನು ಸೇರಿಸಿದರೂ ಒಣಗಿರಬೇಕು. ಮೂಳೆಯಿಲ್ಲದ ಕೋಳಿ 250 ಗ್ರಾಂ ಬೇಯಿಸಿ, ಎಳೆಎಳೆಯಾಗಿ ಬಿಡಿಸಿ, ಬರೀ ಬಾಣಲೆಯಲ್ಲಿ ಮೂರು ನಿಮಿಷ ಆಡಿಸಿ. ಅಣಬೆಯಾದರೆ ಬಿಟ್ಟ ನೀರು ಪೂರ್ತಿ ಇಂಗಿ ಚಿರಚಿರ ಸದ್ದು ಬರುವ ತನಕ ಹುರಿಯಿರಿ. ಮಳೆಗಾಲದ ಮ್ಯಾಚಿಗೆ ನನ್ನ ಆಯ್ಕೆ ಕಳಲೆ. ಸಣ್ಣಗೆ ಹೆಚ್ಚಿ, ದಿನಕ್ಕೊಮ್ಮೆ ನೀರು ಬದಲಿಸಿ ಮೂರು ದಿನ ನೆನೆಸಿ, ಬೇಯಿಸಿ ಬಸಿದು ಹಿಂಡಿದ್ದು. ಹಸಿ ಕಳಲೆಯ ವಿಷಾಂಶ ಹೋಗಲು ಆ ಮೂರು ದಿನ ಬೇಕೇ ಬೇಕು, ಅವಸರಕ್ಕೆ ಒಗ್ಗುವ ಪದಾರ್ಥ ಅಲ್ಲ. ಆದರೆ ಮೆತ್ತನೆ ಚೀಸಿನ ನಡುವೆ ಅದರ ಕರುಮುರು ಬೇರೆ ಯಾವುದಕ್ಕೂ ಇಲ್ಲ.

ಬಡಿಸಲು ಬಳಪದ ಕಲ್ಲಿನ ಮರಿಗೆ. ಗೊಜ್ಜು, ತಂಬುಳಿಗೆ ಇಟ್ಟುಕೊಂಡದ್ದೇ ಆಗುತ್ತದೆ. ಮೊದಲು ಬೆಚ್ಚನೆಯ ನೀರು, ಐದು ನಿಮಿಷ ಬಿಟ್ಟು ಕುದಿಯುವ ನೀರು ತುಂಬಿಸಿ ಕಾಯಿಸಿಕೊಳ್ಳಿ. ತಣ್ಣನೆಯ ಕಲ್ಲಿಗೆ ಒಮ್ಮೆಲೇ ಕುದಿನೀರು ಬಿದ್ದರೆ ಬಿರುಕು ಬಿಡಬಹುದು. ನೀರು ಚೆಲ್ಲಿ, ಒರೆಸಿ, ಡಿಪ್ ಹುಯ್ಯಿರಿ. ಸ್ಟೀಲ್ ಬೋಗುಣಿಯಲ್ಲಿ ಹತ್ತು ನಿಮಿಷಕ್ಕೆ ಬಿಗಿಯುವುದು ಇದರಲ್ಲಿ ಅರ್ಧ ಗಂಟೆ ಸಡಿಲವಾಗೇ ಇರುತ್ತದೆ.

ಒಟ್ಟು ಡಿಪ್ಪನ್ನು ಒಂದೇ ಸಲ ಹೊರಗಿಡಬೇಡಿ. ಅರ್ಧ ಮರಿಗೆಗೆ, ಅರ್ಧ ಅಗಲ ಪಾತ್ರೆಯಲ್ಲಿ ಹರಡಿ, ಹಬೆ ಅಡಗಿದ ಕೂಡಲೇ ಫ್ರಿಜ್ಜಿಗೆ. ಹಾಲಿನ ಪದಾರ್ಥ ಇರುವ ಡಿಪ್, ಕೋಳಿ ಹಾಕಿದ್ದರಂತೂ, ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಫ್ರಿಜ್ಜಿನ ಪಾಲನ್ನು ಮೊದಲ ಇನಿಂಗ್ಸಿನ ಕೊನೆಯ ನಾಲ್ಕು ಓವರ್ ಇರುವಾಗ ಹೊರತೆಗೆದು, ಕಡುಬು ಬೇಯಿಸುವ ಪಾತ್ರೆಯಲ್ಲಿ ನೀರು ಕುದಿಸಿ ಅದರೊಳಗೆ ಇಟ್ಟು, ಕಾಲು ಲೋಟ ಹಾಲು ಬೆರೆಸಿ ಆಗಾಗ ಕೈಯಾಡಿಸಿದರೆ ಇಪ್ಪತ್ತು ನಿಮಿಷದ ವಿರಾಮದೊಳಗೆ ಪೂರ್ತಿ ಬಿಸಿಯಾಗಿ ತಯಾರು. ನೇರ ಉರಿಗೆ ಇಟ್ಟರೆ ತಳ ಹಿಡಿಯುತ್ತದೆ. ಇಂಡಕ್ಷನ್ ನಂಬಿ ಕೂರಬೇಡಿ. ಏಪ್ರಿಲ್-ಮೇ ಸಂಜೆ ತೀರ್ಥಹಳ್ಳಿ ಕಡೆ ಒಂದು ಗುಡುಗು ಕೇಳಿದರೆ ಸಾಕು, ಕರೆಂಟು ಹೋಗಿರುತ್ತದೆ. ಮ್ಯಾಚನ್ನು ಮೊಬೈಲಲ್ಲಿ ನೋಡಬಹುದು, ಡಿಪ್ಪನ್ನು ಮೊಬೈಲಲ್ಲಿ ಕಾಯಿಸಲಾಗುವುದಿಲ್ಲ.

ಅದ್ದಲು ಹಲಸಿನ ಹಪ್ಪಳ ರುಚಿಯೇನೋ ಹೌದು, ಆದರೆ ಬಿಸಿ ಡಿಪ್ಪಿನ ಭಾರಕ್ಕೆ ಮುರಿದು ಅರ್ಧ ಒಳಗೇ ಉಳಿಯುತ್ತದೆ. ಬಾಳೆಕಾಯಿ ಅಥವಾ ಮರಗೆಣಸಿನ ಚಿಪ್ಸ್ ಎರಡು ಮಿಲಿಮೀಟರ್ ದಪ್ಪಕ್ಕೆ ಹೆಚ್ಚಿದ್ದರೆ ತಡೆಯುತ್ತವೆ, ಉಪ್ಪು ಮಾತ್ರ ಹಾಕಿಸಬೇಡಿ. ಎಲ್ಲಕ್ಕಿಂತ ಒಳ್ಳೆಯದು ಬೆಳಗ್ಗೆ ಮಿಕ್ಕ ಅಕ್ಕಿ ರೊಟ್ಟಿ. ತ್ರಿಕೋನವಾಗಿ ಕತ್ತರಿಸಿ, ಸಣ್ಣ ಉರಿಯ ಕಾವಲಿಯಲ್ಲಿ ಒಂದೊಂದು ಬದಿ ಆರೇಳು ನಿಮಿಷ ಒಣಗಿಸಿದರೆ ಗರಿಗರಿಯಾಗಿ, ಚಮಚದಂತೆ ಡಿಪ್ ಎತ್ತುತ್ತದೆ. ಗೋಧಿಯ ಚಪಾತಿಗೆ ಈ ಗುಣವಿಲ್ಲ, ಅದು ಚರ್ಮವಾಗುತ್ತದೆ. ಪಕ್ಕಕ್ಕೆ ಎಳೆ ಮುಳ್ಳುಸೌತೆ ಸೀಳು. ಖಾರ ತಾಳದವರಿಗೆ ನೀರಿನ ಲೋಟಕ್ಕಿಂತ ಮಜ್ಜಿಗೆ ಕೊಡಿ.

ಮರಿಗೆಯನ್ನು ಸಾಬೂನಿನಲ್ಲಿ ತೊಳೆಯಬೇಡಿ, ಕಲ್ಲು ಹೀರಿಕೊಂಡು ಮರುದಿನದ ಗೊಜ್ಜಿಗೆ ವಾಸನೆ ಬಿಡುತ್ತದೆ. ಅಂಟಿದ ಚೀಸಿಗೆ ಬಿಸಿನೀರು ತುಂಬಿಸಿ ರಾತ್ರಿ ಬಿಟ್ಟು, ಬೆಳಗ್ಗೆ ಕಡಲೆಹಿಟ್ಟು ಉದುರಿಸಿ ತೆಂಗಿನ ನಾರಿನಲ್ಲಿ ಉಜ್ಜಿದರೆ ಬಿಟ್ಟುಬರುತ್ತದೆ.